ಸಡಿಲವಾಗಿ ಕಟ್ಟಿದ ಮದುವೆಯ ಹೂಗುಚ್ಛ: ಓದುಗರ ಪ್ರಶ್ನೆಗಳಿಗೆ ಉತ್ತರ

ಮದುವೆಯ ದಿನ ವಧು ಕೈಯಲ್ಲಿ ಹಿಡಿಯುವ ಬೊಕೆಯ ಬಗ್ಗೆ, ಅದರಲ್ಲೂ ತೋಟದಿಂದ ಆಗಷ್ಟೇ ಕೊಯ್ದು ತಂದಂತೆ ಕಾಣುವ ಸಡಿಲವಾದ ಬೊಕೆಯ ಬಗ್ಗೆ ಹಲವು ಓದುಗರು ಬರೆದಿದ್ದಾರೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳನ್ನು ಇಲ್ಲಿ ಉತ್ತರಕ್ಕೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಇನ್ನು ಮೂರು ತಿಂಗಳಿಗೆ ನನ್ನ ಮದುವೆ. ಗುಲಾಬಿಗಳನ್ನು ಗುಂಡಗೆ, ಒತ್ತೊತ್ತಾಗಿ ಕಟ್ಟಿದ ಬೊಕೆ ನನಗೆ ಹಿಡಿಸುವುದಿಲ್ಲ. ಹೂಗಳು ತಮ್ಮಷ್ಟಕ್ಕೆ ಬಾಗಿ ನಿಂತಿರುವ, ನಡುನಡುವೆ ಹಸಿರು ಕಾಣುವ ಬೊಕೆ ಬೇಕು. ಹೂ ಜೋಡಿಸುವವರಿಗೆ ಇದನ್ನು ಹೇಳಿದಾಗ, "ಹಾಗೆ ಮಾಡಿದರೆ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ" ಎಂದರು. ಅವರ ಮಾತಿನಲ್ಲಿ ಹುರುಳಿದೆಯೇ? ನನಗೆ ಬೇಕಾದದ್ದನ್ನು ಅವರಿಗೆ ಹೇಗೆ ತಿಳಿಸಲಿ?

ಉತ್ತರ: ಅವರ ಆತಂಕ ಸುಳ್ಳಲ್ಲ. ಬಿಗಿಯಾದ ಬೊಕೆಯನ್ನೇ ಅರ್ಧಂಬರ್ಧ ಕಟ್ಟಿದರೆ ಸಡಿಲ ಬೊಕೆಯಾಗುತ್ತದೆ ಎಂದುಕೊಂಡು ಹೊರಟರೆ ಅದು ಅವರು ಹೇಳಿದಂತೆಯೇ ಕಾಣುತ್ತದೆ. ಚೆನ್ನಾಗಿ ಕಟ್ಟಿದ ಸಡಿಲ ಬೊಕೆಯಲ್ಲಿ ಹೂಗಳ ನಡುವಿನ ಖಾಲಿ ಜಾಗವನ್ನೂ ಹೂವಿನಷ್ಟೇ ಯೋಚಿಸಿ ಇಟ್ಟಿರುತ್ತಾರೆ. ಒತ್ತಾಗಿ ಕಟ್ಟಿದಾಗ ಎಲ್ಲ ಹೂಗಳೂ ಒಂದೇ ಮಟ್ಟದಲ್ಲಿ ಒಂದಕ್ಕೊಂದು ಆನಿಕೊಂಡು ನಿಲ್ಲುವುದರಿಂದ, ಒಂದು ಹೂ ತುಸು ಬಾಡಿದ್ದರೂ, ಅದರ ದಂಟು ಸೊಟ್ಟಗಿದ್ದರೂ ಅಕ್ಕಪಕ್ಕದ ಹೂಗಳು ಅದನ್ನು ಮರೆಮಾಡುತ್ತವೆ. ಸಡಿಲವಾಗಿ ಕಟ್ಟಿದಾಗ ಹಾಗಲ್ಲ. ಪ್ರತಿಯೊಂದು ಹೂವಿನ ಮುಖ, ಕತ್ತು, ಬೆನ್ನು ಮೂರೂ ಕಣ್ಣಿಗೆ ಬೀಳುತ್ತವೆ. ಹೂ ಆರಿಸುವಾಗಲೇ ಹೆಚ್ಚು ಜಾಗ್ರತೆ ಬೇಕು, ಕಟ್ಟುವುದಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಈ ಮಾತನ್ನು ನೀವೇ ಮೊದಲು ಆಡಿಬಿಟ್ಟರೆ, ನೀವು ಕೇಳುತ್ತಿರುವುದು ಕಡಿಮೆ ಕೆಲಸವನ್ನಲ್ಲ, ಬೇರೆ ಬಗೆಯ ಕೆಲಸವನ್ನು ಎಂಬುದು ಅವರಿಗೆ ಮನವರಿಕೆಯಾಗುತ್ತದೆ.

ಈ ಶೈಲಿ ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಬ್ರಿಟನ್ನಿನ ಕಾನ್‌ಸ್ಟನ್ಸ್ ಸ್ಪ್ರೈ (1886–1960) ಎಂಬಾಕೆ 1929ರಲ್ಲಿ ಲಂಡನ್ನಿನಲ್ಲಿ ಹೂವಿನ ಅಂಗಡಿ ತೆರೆದು, ಬೇಲಿಸಾಲಿನ ಗಿಡಗಳು, ಹುಲ್ಲಿನ ತೆನೆಗಳು, ಬೀಜಕಾಯಿಗಳು, ಕೋಸಿನ ಜಾತಿಯ ಎಲೆಗಳು ಇವನ್ನೆಲ್ಲ ದುಬಾರಿ ಹೂಗಳ ಜೊತೆಯಲ್ಲಿಯೇ ನಿಲ್ಲಿಸಿ ತೋರಿಸಿದರು. 1937ರಲ್ಲಿ ವಿಂಡ್ಸರ್ ಡ್ಯೂಕರ, ಅಂದರೆ ಸಿಂಹಾಸನ ತೊರೆದ ಬ್ರಿಟನ್ನಿನ ಮಾಜಿ ದೊರೆ ಎಂಟನೆಯ ಎಡ್ವರ್ಡರ, ಮದುವೆಗೆ ಹೂ ಜೋಡಿಸಿದವರೂ ಅವರೇ. ಅಂಥ ಮದುವೆಗೆ ಒಪ್ಪಿದ ಕೈಯ ಕೆಲಸವನ್ನು ಅರೆಬರೆಯೆಂದು ಯಾರೂ ಹೇಳಲಾರರು.

ಇನ್ನು ತಿಳಿಸುವ ಬಗೆ. "ಸಹಜವಾಗಿರಲಿ", "ಕಾಡುಹೂವಿನ ಹಾಗಿರಲಿ" ಎಂಬಂಥ ಮಾತುಗಳಿಂದ ಕೆಲಸ ಸಾಗುವುದಿಲ್ಲ, ಏಕೆಂದರೆ ಅವನ್ನು ಕೇಳಿದ ಒಬ್ಬೊಬ್ಬರ ಮನಸ್ಸಿನಲ್ಲೂ ಒಂದೊಂದು ಚಿತ್ರ ಮೂಡುತ್ತದೆ. ಮೂರು ನಾಲ್ಕು ಚಿತ್ರಗಳನ್ನು ಮಾತ್ರ ತೆಗೆದುಕೊಂಡು ಹೋಗಿ, ಪ್ರತಿಯೊಂದರಲ್ಲೂ ನಿಮಗೆ ಹಿಡಿಸಿದ್ದು ಯಾವುದೆಂದು ಬೆರಳಿಟ್ಟು ತೋರಿಸಿ: ಇದರಲ್ಲಿ ಒಂದು ಪಕ್ಕಕ್ಕೆ ವಾಲಿದ ಆಕಾರ, ಇದರಲ್ಲಿ ಹಸಿರಿನ ಪ್ರಮಾಣ, ಇದರಲ್ಲಿ ಮಾಸಿದಂತಿರುವ ಗುಲಾಬಿ ಬಣ್ಣ, ಹೀಗೆ. ಸ್ವಲ್ಪವೂ ಹಿಡಿಸದ ಒಂದು ಚಿತ್ರವನ್ನೂ ಜೊತೆಯಲ್ಲಿಟ್ಟುಕೊಳ್ಳಿ. ಹತ್ತು ಮೆಚ್ಚುಗೆಯ ಚಿತ್ರಗಳಿಂದ ತಿಳಿಯದ ಸಂಗತಿ ಕೆಲವೊಮ್ಮೆ ಅದೊಂದರಿಂದ ತಿಳಿಯುತ್ತದೆ. ಹಾಗೆಯೇ ಅವರು ಈ ಹಿಂದೆ ತಾವೇ ಕಟ್ಟಿದ ಸಡಿಲ ಬೊಕೆಯ ಚಿತ್ರವಿದ್ದರೆ ಕೇಳಿ ನೋಡಿ. ಇಲ್ಲವಾದರೆ ಚಿಕ್ಕದೊಂದು ಮಾದರಿಯನ್ನು ಕಟ್ಟಿಸಿ ನೋಡುವುದು ಲೇಸು.

ಹೂವಿನ ಹೆಸರಿಗೆ ಪಟ್ಟು ಹಿಡಿಯಬೇಡಿ, ಅದು ಮಾಡಬೇಕಾದ ಕೆಲಸವನ್ನು ಹೇಳಿ. ಕಾಸ್ಮಾಸ್ ನಿಮಗೆ ಇಷ್ಟವಾಗುವುದು ಬಹುಶಃ ಅದು ಎಳೆದಂಟಿನ ಮೇಲೆ ಉಳಿದೆಲ್ಲ ಹೂಗಳಿಗಿಂತ ಎತ್ತರದಲ್ಲಿ ತೂಗಾಡುತ್ತದೆ ಎಂಬ ಕಾರಣಕ್ಕೆ. ಆ ದಿನಗಳಲ್ಲಿ ಕಾಸ್ಮಾಸ್ ಸಿಗದಿದ್ದರೆ ಸ್ಕೇಬಿಯೋಸಾ ಅಥವಾ ನೈಜೆಲ್ಲಾ ಅದೇ ಕೆಲಸವನ್ನು ಮಾಡಬಲ್ಲವು. ಸಡಿಲ ಬೊಕೆ ಚೆಂದ ಕಾಣುವುದು ಆಯಾ ಕಾಲದಲ್ಲಿ ಬಿಡುವ ಹೂಗಳಿಂದಲೇ. ಕಾಲವಲ್ಲದ ಕಾಲದಲ್ಲಿ ದೂರದಿಂದ ತರಿಸಿದ ಹೂವಿನ ದಂಟು ಸಾಮಾನ್ಯವಾಗಿ ನೆಟ್ಟಗೆ, ಒಂದೇ ಅಳತೆಯಲ್ಲಿ ಇರುತ್ತದೆ, ನಿಮಗೆ ಬೇಕಾದ ಬಾಗು ಅದರಲ್ಲಿರುವುದಿಲ್ಲ.

ನನ್ನ ಅನುಭವದಲ್ಲಿ ಈ ಶೈಲಿ ಕೆಡುವುದು ಹೂ ಕಡಿಮೆಯಾದಾಗಲ್ಲ, ಬಗೆ ಹೆಚ್ಚಾದಾಗ. ಸಹಜವಾಗಿ ಕಾಣಲೆಂದು ಹನ್ನೆರಡು ಬಗೆಯ ಹೂಗಳನ್ನು ಸೇರಿಸಿದರೆ ಕಣ್ಣು ನಿಲ್ಲುವುದಕ್ಕೆ ಎಡೆಯೇ ಸಿಗುವುದಿಲ್ಲ. ಮುಖ್ಯ ಹೂವೆಂದು ಐದೋ ಏಳೋ ದೊಡ್ಡ ಗುಲಾಬಿ ಅಥವಾ ಲಿಸಿಯಾಂಥಸ್, ಅವುಗಳ ಜೊತೆಗೆ ಗೊಂಚಲು ಗುಲಾಬಿಯಂಥ ಸಣ್ಣ ಹೂ ಒಂದೆರಡು ಬಗೆ, ಮೇಲೆದ್ದು ನಿಲ್ಲುವ ತೆಳುದಂಟಿನ ಹೂ ಒಂದು ಬಗೆ, ಎರಡು ಬಗೆಯ ಹಸಿರು: ಇಷ್ಟು ಸಾಕು. ಹಸಿರಿನಲ್ಲಿ ಒಂದು ನೀಲಗಿರಿಯಂತೆ ಬೂದು ಛಾಯೆಯದೂ ಇನ್ನೊಂದು ಆಸ್ಪರಾಗಸ್‌ನಂತೆ ಎಳೆಎಳೆಯಾದದ್ದೂ ಆಗಿದ್ದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಬಣ್ಣಗಳು ಒಂದಕ್ಕೊಂದು ಹತ್ತಿರದವಾಗಿರಲಿ. ಬಿಳಿ ಮಾತ್ರ ಬೇಕೆನ್ನುವವರು ಹಾಲುಬಿಳಿ, ಕೆನೆಬಣ್ಣ, ಹಸಿರು ಸೋಂಕಿದ ಬಿಳಿ ಮೂರನ್ನೂ ಬೆರೆಸಬೇಕು. ಒಂದೇ ಬಿಳಿಯಾದರೆ ಫೋಟೊದಲ್ಲಿ ಹೂಗಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತವೆ, ಅದೂ ಬಿಳಿಯ ಉಡುಪಿನ ಮುಂದೆ.

ಪ್ರಶ್ನೆ: ನಮ್ಮ ಮದುವೆ ಬಯಲಿನಲ್ಲಿ, ಮಧ್ಯಾಹ್ನದ ಹೊತ್ತಿನಲ್ಲಿ ನಡೆಯಲಿದೆ. ಸಡಿಲವಾಗಿ ಕಟ್ಟಿದ ಹೂಗಳು ಬೇಗ ಬಾಡುತ್ತವೆ ಎಂದು ಕೇಳಿದ್ದೇನೆ. ಸಂಜೆಯವರೆಗೆ ತಾಳುವಂತೆ ಮಾಡುವುದು ಹೇಗೆ?

ಉತ್ತರ: ಸಡಿಲವಾಗಿ ಕಟ್ಟಿದ್ದರಿಂದಲೇ ಬಾಡುವುದಿಲ್ಲ. ಆದರೆ ಈ ಶೈಲಿಗೆ ಬಳಸುವ ಹೂಗಳಲ್ಲಿ ಹಲವಕ್ಕೆ ದಂಟು ತೆಳು, ಎಸಳು ತೆಳು, ಸುತ್ತಲೂ ಗಾಳಿ ಆಡುವುದರಿಂದ ನೀರು ಬೇಗ ಆರುತ್ತದೆ. ಹೂವನ್ನು ಕೊಯ್ದ ಕೂಡಲೇ ದಂಟಿನೊಳಗಿನ ಸೂಕ್ಷ್ಮ ನೀರ್ನಾಳಗಳ ಬಾಯಿಗೆ ಗಾಳಿ ಸೇರುತ್ತದೆ, ನೀರು ಕೊಳೆಯಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದು ಅವು ಕಟ್ಟಿಕೊಳ್ಳುತ್ತವೆ. ಆಮೇಲೆ ಹೂವನ್ನು ಎಷ್ಟು ನೀರಿನಲ್ಲಿಟ್ಟರೂ ಅದು ಮೇಲಕ್ಕೇರುವುದಿಲ್ಲ. ಆದ್ದರಿಂದ ಕಟ್ಟುವ ಮುನ್ನಾದಿನವೇ ದಂಟಿನ ತುದಿಯನ್ನು ಹರಿತವಾದ ಚಾಕುವಿನಿಂದ 2–3 ಸೆಂಟಿಮೀಟರಿನಷ್ಟು ಓರೆಯಾಗಿ ಕೊಯ್ದು, ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದು, ತೊಳೆದ ಬಕೆಟ್ಟಿನ ಶುದ್ಧ ನೀರಿನಲ್ಲಿ ತಂಪಾದ, ಬಿಸಿಲು ಬೀಳದ ಕಡೆ ರಾತ್ರಿಯಿಡೀ ನಿಲ್ಲಿಸಬೇಕು. ಉಳಿದೆಲ್ಲ ಉಪಾಯಗಳನ್ನು ಒಟ್ಟು ಸೇರಿಸಿದರೂ ಇದೊಂದಕ್ಕೆ ಸಾಟಿಯಾಗುವುದಿಲ್ಲ.

ಹೆಚ್ಚಿನ ಹೂಗಳು 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಚೆನ್ನಾಗಿ ಉಳಿಯುತ್ತವೆ. ಆಂಥೂರಿಯಂ ಮತ್ತು ಹಲವು ಆರ್ಕಿಡ್‌ಗಳು ಮಾತ್ರ ಅಷ್ಟು ಚಳಿಗೆ ಕಪ್ಪಿಡುತ್ತವೆ. ಮನೆಯ ಫ್ರಿಜ್ಜಿನಲ್ಲಿ ಮಾಗಿದ ಹಣ್ಣುಗಳಿದ್ದರೆ ಅಲ್ಲಿ ಹೂವಿಡಬೇಡಿ. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್, ಸ್ವೀಟ್ ಪೀ ಮುಂತಾದವು ಬಹುಬೇಗ ಮುದುಡುತ್ತವೆ.

ಬಿಸಿಲಿಗೆ ತಾಳುವ ಹೂಗಳಲ್ಲಿ ಲಿಸಿಯಾಂಥಸ್, ಕಾರ್ನೇಷನ್, ಸೇವಂತಿಗೆ, ಸ್ಟ್ಯಾಟಿಸ್, ಜಿಪ್ಸೊಫಿಲಾ ಮೊದಲ ಸಾಲಿಗೆ ಬರುತ್ತವೆ. ಗುಲಾಬಿಯನ್ನು ಅರ್ಧ ಬಿರಿದಿರುವಾಗಲೇ ಆರಿಸಬೇಕು, ಮಧ್ಯಾಹ್ನದ ಸೆಖೆಗೆ ಅದು ತಾನಾಗಿಯೇ ಅರಳಿಕೊಳ್ಳುತ್ತದೆ. ಹೈಡ್ರೇಂಜಿಯಾ ನೋಡಲು ತುಂಬಿದಂತಿದ್ದರೂ ನೀರಿನಿಂದ ಹೊರಬಂದ ಕೆಲವು ಗಂಟೆಗಳಲ್ಲಿಯೇ ಸೊರಗಬಹುದು. ಅದರ ಗೊಂಚಲನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿಟ್ಟರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಆದರೆ ಮದುವೆಯ ನಡುವೆ ಅದಕ್ಕೆಲ್ಲ ಬಿಡುವಿರುವುದಿಲ್ಲ. ಹಸಿರಿನ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಬಳ್ಳಿಯ ಎಳೆಯ ಚಿಗುರುಗಳು ಕಣ್ಣಿಗೆ ಎಷ್ಟೇ ಹಿತವಾಗಿದ್ದರೂ ಹೂವಿಗಿಂತ ಮೊದಲು ಜೋತುಬೀಳುವುದು ಅವೇ. ಬಲಿತ ಎಲೆಗಳನ್ನೇ ಆರಿಸಿ, ತುದಿಯ ಚಿಗುರನ್ನು ಚಿವುಟಿಹಾಕಿ.

ಬೊಕೆಯನ್ನು ಕೈಗೆ ಕೊಡುವ ಕೊನೆಯ ಗಳಿಗೆಯವರೆಗೂ ನೀರಿನ ಪಾತ್ರೆಯಲ್ಲಿಯೇ ಇಡಿ. ನಡುವೆ ಬಿಡುವು ಸಿಕ್ಕಾಗಲೆಲ್ಲ ಮತ್ತೆ ನೀರಿಗಿಳಿಸುವ ಹೊಣೆಯನ್ನು ಮನೆಯವರಲ್ಲಿ ಒಬ್ಬರಿಗೆ ಒಪ್ಪಿಸಿ. ಅದಕ್ಕಾಗಿ ರಿಬ್ಬನ್ನಿನ ಕೆಳಗೆ ದಂಟು ನಾಲ್ಕು ಬೆರಳಿನಷ್ಟಾದರೂ ಬರಿದಾಗಿರಬೇಕು.

ಪ್ರಶ್ನೆ: ನಾನು ಕುಳ್ಳಗಿದ್ದೇನೆ, ನನ್ನ ಉಡುಪಿನಲ್ಲಿ ಕಸೂತಿ ಹೆಚ್ಚಿದೆ. ಹರಡಿಕೊಂಡ ಬೊಕೆ ನನಗೆ ಒಪ್ಪುತ್ತದೆಯೇ?

ಉತ್ತರ: ಒಪ್ಪುತ್ತದೆ, ಅಳತೆ ಮೀರದಿದ್ದರೆ. ನಿಮಗೆ ಅಗಲದಲ್ಲಿ 30 ಸೆಂಟಿಮೀಟರಿನ ಆಸುಪಾಸು ಸಾಕು. ಎತ್ತರದವರಾದರೆ 45ರವರೆಗೂ ಹೋಗಬಹುದು. ಮುಖ್ಯ ಹೂಗಳ ಗುಂಪು ಚಿಕ್ಕದಾಗಿರಲಿ, ಹರಡುವುದು ತೆಳುವಾದ ಹಸಿರು ಮತ್ತು ಸಣ್ಣ ಹೂಗಳಷ್ಟೇ ಆಗಲಿ. ಆಗ ಅಗಲ ಸಿಕ್ಕರೂ ಹಿಂದಿನ ಕಸೂತಿ ಎಡೆಗಳಲ್ಲಿ ಕಾಣುತ್ತದೆ, ಭಾರವೂ ಎನಿಸುವುದಿಲ್ಲ. ಕಸೂತಿ ಹೆಚ್ಚಿದ್ದಷ್ಟೂ ಬೊಕೆಯ ಬಣ್ಣಗಳು ಕಡಿಮೆಯಾಗಬೇಕು. ಸಾದಾ ಬಟ್ಟೆಯವರಿಗೆ ಈ ಕಟ್ಟುಪಾಡಿಲ್ಲ.

ಗಾತ್ರಕ್ಕೆ ಇಂತಿಷ್ಟೇ ಎಂಬ ನಿಯಮವೇನೂ ಇಲ್ಲವೆನ್ನುವುದಕ್ಕೆ ಒಂದೇ ರಾಜಮನೆತನದ ಎರಡು ಬೊಕೆಗಳನ್ನು ನೋಡಬಹುದು. 1981ರಲ್ಲಿ ಡಯಾನಾ ಹಿಡಿದ ಬೊಕೆ ಮೀಟರಿಗೂ ಮಿಕ್ಕಿ ಉದ್ದಕ್ಕೆ ಇಳಿಬಿದ್ದಿತ್ತು. 2011ರಲ್ಲಿ ಕೇಟ್ ಮಿಡಲ್‌ಟನ್ ಹಿಡಿದದ್ದು ಲಿಲಿ ಆಫ್ ದ ವ್ಯಾಲಿ, ಹಯಸಿಂತ್, ಸ್ವೀಟ್ ವಿಲಿಯಂ ಮುಂತಾದ ಸಣ್ಣ ಹೂಗಳ ಪುಟ್ಟ ಗುಚ್ಛ. ಎರಡೂ ಆಯಾ ಉಡುಪಿಗೆ ಹೊಂದಿಕೊಂಡಿದ್ದವು.

ಹಿಡಿಯುವ ಬಗೆಯೂ ಅಷ್ಟೇ ಮುಖ್ಯ. ಗಾಬರಿಯಲ್ಲಿ ಬಹಳಷ್ಟು ಮಂದಿ ಬೊಕೆಯನ್ನು ಎದೆಯವರೆಗೆ ಎತ್ತಿಬಿಡುತ್ತಾರೆ, ಆಗ ಉಡುಪಿನ ಕಸೂತಿಯೂ ಕತ್ತಿನ ಒಡವೆಯೂ ಹೂವಿನ ಹಿಂದೆ ಹೋಗುತ್ತವೆ. ಮುಂಗೈಗಳನ್ನು ಸೊಂಟದ ಮೂಳೆಗೆ ಆನಿಸಿ, ಕಟ್ಟಿದ ಜಾಗ ಹೊಕ್ಕುಳಿನ ನೇರಕ್ಕೆ ಬರುವಂತೆ, ಹೂವಿನ ಮುಖ ತುಸು ಮುಂದಕ್ಕೆ ವಾಲುವಂತೆ ಹಿಡಿಯಬೇಕು. ಕಸೂತಿಯ ಎಳೆಗೆ ಸಿಕ್ಕಿಕೊಳ್ಳುವ ಮುಳ್ಳುಗಳನ್ನು ಒಂದೂ ಬಿಡದೆ ತೆಗೆಸಿ. ಲಿಲಿ ಹೂವಿದ್ದರೆ ಅದು ಬಿರಿಯುತ್ತಿದ್ದಂತೆಯೇ ಕೇಸರದ ತುದಿಗಳನ್ನು ಕಿತ್ತುಹಾಕಬೇಕು, ಅದರ ಪರಾಗದ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ. ಮದುವೆ ಸಂಜೆಯ ದೀಪದ ಬೆಳಕಿನಲ್ಲಾದರೆ ನೀಲಿ, ನೇರಳೆ ಬಣ್ಣಗಳು ಮಂಕಾಗಿ ಕಾಣುತ್ತವೆ, ಕಡುಗೆಂಪು ಕಪ್ಪಿಗೆ ತಿರುಗಿದಂತಿರುತ್ತದೆ. ಹೂ ಆರಿಸುವಾಗ ಅಂಥದೇ ದೀಪದಡಿಯಲ್ಲಿ ಹಿಡಿದು ನೋಡಿ.

ಪ್ರಶ್ನೆ: ತಂಗಿಯ ಮದುವೆಗೆ ಬೊಕೆಯನ್ನು ನಾನೇ ಕಟ್ಟಬೇಕೆಂಬ ಆಸೆ. ಮೊನ್ನೆ ಕಟ್ಟಿ ನೋಡಿದಾಗ ಹೂಗಳೆಲ್ಲ ನಡುವಿಗೆ ಬಂದು ಒತ್ತಿಕೊಂಡವು, ದಾರ ಸಡಿಲಿಸಿದರೆ ಎಲ್ಲವೂ ಜಾರಿದವು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ದಂಟುಗಳನ್ನು ನೀವು ನೆಟ್ಟಗೆ, ಒಂದರ ಪಕ್ಕದಲ್ಲೊಂದು ಜೋಡಿಸುತ್ತಿದ್ದೀರಿ ಎಂದು ತೋರುತ್ತದೆ. ಹಾಗಿಟ್ಟಾಗ ದಾರ ಬಿಗಿದಂತೆ ಹೂವಿನ ತಲೆಗಳು ಒಳಕ್ಕೆ ಬರಲೇಬೇಕು. ದಂಟುಗಳು ಸುರುಳಿಯಾಗಿ, ಎಲ್ಲವೂ ಒಂದೇ ಕಡೆಗೆ ಓರೆಯಾಗಿ ಕೂರಬೇಕು. ಆಗ ಮೇಲೆ ಹೂಗಳು ಹೊರಕ್ಕೆ ಬಾಗುತ್ತವೆ, ಕೆಳಗೆ ದಂಟುಗಳು ಹೊರಕ್ಕೆ ಚಾಚುತ್ತವೆ, ನಡುವೆ ಒಂದೇ ಒಂದು ಕಡೆ ಅವೆಲ್ಲ ಸೇರುತ್ತವೆ. ದಾರ ಬೀಳಬೇಕಾದದ್ದು ಅಲ್ಲಿ.

ಮೊದಲು ಪ್ರತಿಯೊಂದು ದಂಟಿನ ಕೆಳಗಿನ ಮೂರನೆಯ ಎರಡು ಭಾಗದ ಎಲೆ, ಮುಳ್ಳು ತೆಗೆದು ಬಗೆಬಗೆಯಾಗಿ ಮೇಜಿನ ಮೇಲೆ ಹರಡಿಕೊಳ್ಳಿ. ಎಡಗೈ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಹಸಿರು ಕಡ್ಡಿಯನ್ನು ಹಿಡಿದು, ಎರಡನೆಯದನ್ನು ಅದರ ಮೇಲೆ ಓರೆಯಾಗಿ ಇಡಿ, ಹೂ ಎಡಕ್ಕೆ, ದಂಟಿನ ತುದಿ ಬಲಕ್ಕೆ. ಮೂರನೆಯದೂ ಅದೇ ಓರೆಯಲ್ಲಿ ಕೂರಲಿ. ಮೂರು ನಾಲ್ಕು ಕಡ್ಡಿಗಳಾದ ಮೇಲೆ ಕಟ್ಟನ್ನು ಕೈಯಲ್ಲಿಯೇ ಸ್ವಲ್ಪ ತಿರುಗಿಸಿ, ಮತ್ತೆ ಅದೇ ಓರೆಯಲ್ಲಿ ಸೇರಿಸುತ್ತ ಹೋಗಿ. ಒಂದೇ ಒಂದು ದಂಟು ಎದುರು ದಿಕ್ಕಿಗೆ ನುಗ್ಗಿದರೂ ಉಳಿದವು ಅದರ ಮೇಲೆ ಒತ್ತಿ ನಲುಗುತ್ತವೆ, ಅದನ್ನು ಆಗಲೇ ಎಳೆದು ತೆಗೆಯುವುದು ಒಳ್ಳೆಯದು. ಕೈ ಬಿಗಿಯದಿರಲಿ, ಬೆರಳುಗಳು ದಂಟನ್ನು ಸುತ್ತುವರಿದಿದ್ದರೆ ಸಾಕು, ಹಿಸುಕಬಾರದು.

ಸಡಿಲತೆ ಬರುವುದು ಎರಡು ಕಡೆಯಿಂದ. ಒಂದು, ಕಟ್ಟುವ ಜಾಗ: ಹೂವಿನ ತಲೆಗೆ ಹತ್ತಿರದಲ್ಲಿ ಕಟ್ಟಿದರೆ ಗುಂಡಗೆ ಬಿಗಿಯಾಗುತ್ತದೆ, ಇನ್ನೂ ಕೆಳಗೆ ಕಟ್ಟಿದಷ್ಟೂ ಬಿಚ್ಚಿಕೊಳ್ಳುತ್ತದೆ. ಇನ್ನೊಂದು, ಹಸಿರು: ಎರಡು ದೊಡ್ಡ ಹೂಗಳ ನಡುವೆ ಒಂದು ಎಲೆಕಡ್ಡಿಯನ್ನು ತೂರಿಸಿದರೆ ಅದು ಮೆತ್ತೆಯಾಗಿ ನಿಂತು ಅವುಗಳ ನಡುವಿನ ಎಡೆಯನ್ನು ಕಾಯುತ್ತದೆ. ಭಾರದ ಹೂಗಳು ಒಳಗೆ, ತಗ್ಗಿನಲ್ಲಿರಲಿ. ತೆಳುದಂಟಿನವು ಅವುಗಳಿಗಿಂತ 5ರಿಂದ 8 ಸೆಂಟಿಮೀಟರ್ ಮೇಲೆದ್ದಿರಲಿ. ಎಲ್ಲ ಹೂಗಳೂ ನೋಡುವವರತ್ತಲೇ ಮುಖ ಮಾಡಬೇಕಾಗಿಲ್ಲ, ಒಂದೆರಡು ಪಕ್ಕಕ್ಕೆ ತಿರುಗಿರುವುದೇ ಚೆಂದ. ದಂಟಿನಲ್ಲಿ ಸಹಜವಾದ ಬಾಗು ಯಾವ ಕಡೆಗಿದೆಯೋ ಆ ಕಡೆಗೇ ಅದನ್ನು ಬಿಡಿ.

ಐದಾರು ಕಡ್ಡಿ ಸೇರಿಸಿದಾಗಲೆಲ್ಲ ಕನ್ನಡಿಯ ಮುಂದೆ ನಿಂತು, ಸೊಂಟದ ಎತ್ತರದಲ್ಲಿ ಹಿಡಿದು ನೋಡಿ. ಕಟ್ಟುವವರ ಕಣ್ಣಿಗೆ ಬೊಕೆ ಮೇಲಿನಿಂದ ಕಾಣುತ್ತದೆ, ಆದರೆ ಬಂದವರು ನೋಡುವುದು ಎದುರಿನಿಂದ. ಮೇಲಿನಿಂದ ತುಂಬಿದಂತೆ ಕಂಡದ್ದು ಎದುರಿನಿಂದ ಒಂದು ಕಡೆ ಬೋಳಾಗಿರುವುದು ಕನ್ನಡಿಯಲ್ಲಿ ಮಾತ್ರ ತಿಳಿಯುತ್ತದೆ. ಎಲ್ಲ ಸೇರಿ 25ರಿಂದ 35 ಕಡ್ಡಿಗಳಾದರೆ ನಿಲ್ಲಿಸಿ. ಸೆಣಬಿನ ದಾರವನ್ನು ಅದೇ ಜಾಗದಲ್ಲಿ ನಾಲ್ಕೈದು ಸುತ್ತು ಸುತ್ತಿ ಕಟ್ಟಿ, ತೆಳು ತಂತಿ ಬೇಡ, ಅದು ದಂಟನ್ನು ಕೊಯ್ಯುತ್ತದೆ. ದಂಟುಗಳ ತುದಿಯನ್ನು ಒಂದೇ ಮಟ್ಟಕ್ಕೆ ಕತ್ತರಿಸಿದಾಗ ಬೊಕೆ ಮೇಜಿನ ಮೇಲೆ ತಾನಾಗಿ ನಿಂತರೆ ಸುರುಳಿ ಸರಿಯಾಗಿದೆ ಎಂದರ್ಥ.

ರಿಬ್ಬನ್ ಸುತ್ತುವುದು ಹೊರಡುವ ಮೊದಲಷ್ಟೇ, ದಂಟುಗಳನ್ನು ಒರೆಸಿದ ಮೇಲೆ. ಗುಂಡುಸೂಜಿಯನ್ನು ದಂಟಿನ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಚುಚ್ಚಿದರೆ ಮೊನೆ ಬೆರಳಿಗೆ ತಾಗುವುದಿಲ್ಲ. ನೀರು ಹಿಡಿಯುವ ಹಸಿರು ಫೋಮ್ ಇಟ್ಟ ಪ್ಲಾಸ್ಟಿಕ್ ಹಿಡಿಕೆಗಳು ಸಿಗುತ್ತವೆ, ಅವುಗಳ ಗೋಜಿಗೆ ಹೋಗಬೇಡಿ. ಕೈಯಲ್ಲಿ ಕಟ್ಟಿದ ಬೊಕೆಗೆ ಅದರ ಅಗತ್ಯವಿಲ್ಲ; ಆ ಫೋಮ್ ಪುಡಿಯಾಗಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳಾಗಿ ಉಳಿಯುತ್ತದೆ ಎಂಬ ಕಾರಣಕ್ಕೆ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ 2021ರಿಂದ ಅದನ್ನು ನಿಷೇಧಿಸಿದೆ.

ಪ್ರಶ್ನೆ: ಸಹಜ ಶೈಲಿಯೆಂದ ಮೇಲೆ ಹೊಲದ ಬದುಗಳಲ್ಲಿ ಬೆಳೆದ ಹೂ, ಹುಲ್ಲುಗಳನ್ನೇ ಕೊಯ್ದು ಬಳಸಬಹುದೇ?

ಉತ್ತರ: ಗುರುತು ಚೆನ್ನಾಗಿ ಇರುವ ಗಿಡಗಳನ್ನು, ಜಾಗದ ಒಡೆಯರನ್ನು ಕೇಳಿ, ಬಳಸಬಹುದು. ಗುರುತಿಲ್ಲದ್ದನ್ನು ಮುಟ್ಟಬೇಡಿ. ಛತ್ರಿಯಾಕಾರದ ಬಿಳಿಹೂಗೊಂಚಲಿನ ಕಾಡುಕ್ಯಾರೆಟ್ ಗಿಡ ಈ ಬೊಕೆಗಳಿಗೆ ಬಹಳ ಒಪ್ಪುತ್ತದೆ, ಆದರೆ ಕಡುವಿಷದ ಹೆಮ್ಲಾಕ್ ಗಿಡವೂ ಅದೇ ಕುಟುಂಬದ್ದು, ಹೂವಿನಲ್ಲಿ ಅದನ್ನೇ ಹೋಲುತ್ತದೆ. ಇದೇ ಕುಟುಂಬದ ಅಮ್ಮಿ ಎಂಬ ಹೂವಿನ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆಗಳೇಳಬಹುದು, ದಂಟು ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ. ಕಣಗಿಲೆ, ಫಾಕ್ಸ್‌ಗ್ಲೋವ್, ಲಿಲಿ ಆಫ್ ದ ವ್ಯಾಲಿ ಇವೆಲ್ಲ ಹೊಟ್ಟೆಗೆ ಹೋದರೆ ಹೃದಯಕ್ಕೆ ಅಪಾಯ ತರುವಂಥವು. ಹೂ ಹಿಡಿದು ನಡೆಯುವ ಪುಟ್ಟ ಮಕ್ಕಳ ಕೈಗೆ ಇವನ್ನು ಕೊಡಲೇಬಾರದು. ಬೆಳಗ್ಗೆ ಬಿಸಿಲೇರುವ ಮೊದಲು ಕೊಯ್ದು, ಹುಳುಗಳು ಉದುರುವಂತೆ ಮೆಲ್ಲನೆ ಕೊಡವಿ, ಅಲ್ಲಿಯೇ ನೀರಿಗೆ ಹಾಕಿ.

ಪ್ರಶ್ನೆ: ಮದುವೆಯ ನಂತರ ಬೊಕೆಯನ್ನು ಒಣಗಿಸಿ ಇಟ್ಟುಕೊಳ್ಳಲು ಸಾಧ್ಯವೇ?

ಉತ್ತರ: ಸಾಧ್ಯ, ಆದರೆ ಹಾಗೆಯೇ ಇಡಿಯಾಗಿ ನೇತುಹಾಕಬೇಡಿ. ಸಡಿಲ ಬೊಕೆಯಲ್ಲಿ ದಪ್ಪದ್ದು, ತೆಳುವಾದದ್ದು ಎರಡೂ ಇರುವುದರಿಂದ ಒಂದು ಗರಿಗರಿಯಾಗುವ ಹೊತ್ತಿಗೆ ಇನ್ನೊಂದು ಬೂಷ್ಟು ಹಿಡಿಯುತ್ತದೆ. ಮರುದಿನವೇ ದಾರ ಬಿಚ್ಚಿ, ಬಗೆಬಗೆಯಾಗಿ ಸಣ್ಣ ಕಟ್ಟುಗಳನ್ನು ಮಾಡಿ, ಗಾಳಿಯಾಡುವ ಕತ್ತಲೆಯ ಕಡೆ ಎರಡು ಮೂರು ವಾರ ತಲೆಕೆಳಗಾಗಿ ತೂಗುಹಾಕಿ. ಗುಲಾಬಿ, ಸ್ಟ್ಯಾಟಿಸ್, ಜಿಪ್ಸೊಫಿಲಾ, ನೀಲಗಿರಿ ಎಲೆ ಚೆನ್ನಾಗಿ ಒಣಗುತ್ತವೆ, ಲಿಲಿ, ಟುಲಿಪ್‌ನಂಥ ನೀರು ತುಂಬಿದ ಹೂಗಳು ಹಾಗೆ ತೂಗುಹಾಕಿದರೆ ಮುದುಡಿಹೋಗುತ್ತವೆ. ಗುಲಾಬಿಯ ಆಕಾರ ಅರಳಿದಂತೆಯೇ ಉಳಿಯಬೇಕೆಂದರೆ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ನಡುವೆ ಹುದುಗಿಸಿ, ಮುಚ್ಚಳ ಬಿಗಿಮಾಡಿ ಸುಮಾರು ಒಂದು ವಾರ ಇಡಬೇಕು. ಬಿಳಿಯ ಹೂಗಳು ಒಣಗಿದ ಮೇಲೆ ಕೆನೆಬಣ್ಣಕ್ಕೆ, ಕೆಂಪು ಇನ್ನೂ ಗಾಢಕ್ಕೆ ತಿರುಗುತ್ತವೆ. ಎಲ್ಲವೂ ಒಣಗಿದ ಮೇಲೆ ಮದುವೆಯ ದಿನದ ಫೋಟೊ ಮುಂದಿಟ್ಟುಕೊಂಡು, ಅದೇ ರಿಬ್ಬನ್ನಿನಿಂದ ಮತ್ತೆ ಕಟ್ಟಿಕೊಳ್ಳಬಹುದು.